ಕೆರೆಗೆ ಮೊದಲ ಚಿಟಿಕೆ

ಗಾಳಿ ಎದ್ದರೆ ಮುಗಿಯಿತು ಕಥೆ. ಅಮೆರಿಕದ ಮಿನೆಸೋಟಾದ ಈ ಕೆರೆಯ ಭತ್ತ ಯಾರೂ ಬಿತ್ತಿದ್ದಲ್ಲ, ಹಣ್ಣಾದ ಕಾಳು ಒಂದೇ ಜೋರು ಗಾಳಿಗೆ ನೀರುಪಾಲು. ಅದಕ್ಕೇ ಡೆಲ್ಫೀನ್‌ಗೆ ಬೆಳಗಿನಿಂದ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಆಕಾಶ ನೋಡುವಳು, ಭತ್ತ ಉದುರಿಸುವ ಅಜ್ಜಿಯ ಎರಡು ಕೋಲುಗಳನ್ನು ಕೈಯಿಂದ ಕೈಗೆ ಬದಲಿಸುವಳು.

ಹತ್ತು ವರ್ಷದವಳಿದ್ದಾಗಿನಿಂದ ಅಜ್ಜಿ ವರ್ನಾಳ ದೋಣಿಯನ್ನು ಜಲ್ಲೆ ಊರಿ ನೂಕಿದವಳು ಅವಳೇ. ಚಳಿಗಾಲದಲ್ಲಿ ಬಿದ್ದು ಅಜ್ಜಿ ಸೊಂಟ ಮುರಿದುಕೊಂಡಿದ್ದಳು, ಈ ಸಲ ಕೋಲು ಹಿಡಿಯುವ ಸರದಿ ತನ್ನದು ಅಂತ ಡೆಲ್ಫೀನ್ ಆಸೆಯಿಂದ ಕಾದಿದ್ದಳು. ಅಷ್ಟರಲ್ಲಿ ಹೊಸ ಕಟ್ಟಳೆ ಬಂತು. ಒಜಿಬ್ವೆ ಬುಡಕಟ್ಟಿನ ಕಾರ್ಡು ಇಲ್ಲದವರು ಕೆರೆಗಿಳಿಯುವಂತಿಲ್ಲ. ಅವಳ ಅಪ್ಪ ಬಿಳಿಯ, ಒಜಿಬ್ವೆ ರಕ್ತದ ಪಾಲು ಒಂದಿಷ್ಟು ಕಮ್ಮಿ ಬಿತ್ತು, ಕಾರ್ಡು ಸಿಗಲಿಲ್ಲ. ಮೊದಲು ಸರ್ಕಾರದವರು ಅಳೆಯುತ್ತಿದ್ದರು, ಈಗ ನಮ್ಮವರೇ. ರಕ್ತವನ್ನು ಸೇರು ಪಾವಿನಲ್ಲಿ ಅಳೆಯುವ ಬುದ್ಧಿವಂತರಿಗೆ ಏನು ಹೇಳೋಣ!

ಅವಳ ಸೋದರಮಾವನ ಮಗ ವೆಸ್ಲಿಗೆ ಕಾರ್ಡಿತ್ತು. ಪಟ್ಟಣದಲ್ಲೇ ಬೆಳೆದವನು, ದೋಣಿ ಹತ್ತುವುದು ಇದೇ ಮೊದಲು. ಗೆಳೆಯನ ಕೈಗೆ ಜಲ್ಲೆ ಕೊಟ್ಟು ಹೊಸ ಕೋಲು ತಿರುಗಿಸುತ್ತಾ ಕೂತಿದ್ದ. ಪಾಪ, ಅವನ ತಪ್ಪೇನೂ ಇಲ್ಲ. ಆದರೂ ಡೆಲ್ಫೀನ್‌ಗೆ ಹೊಟ್ಟೆ ಉರಿಯಿತು.

ಕಾರ್ಡು ನೋಡಿ ಬಿಡಲು ದಡ ಕಾಯುತ್ತಿದ್ದ ಡೆಲ್ಬರ್ಟ್ ವರ್ನಜ್ಜಿಯ ತಂಗಿಯ ಮಗ. ಡೆಲ್ಫೀನ್ ಮುಂದೆ ಬಂದಾಗ ಅವನು ಮುಖ ನೋಡದೆಯೇ ತಲೆಯಾಡಿಸಿದ. ನಿನ್ನನ್ನು ಬಿಟ್ಟರೆ ನಾಳೆ ಊರವರೆಲ್ಲ ಬಂದು ನಿಲ್ಲುತ್ತಾರೆ ಅಂದ.

ಎಲ್ಲರಿಗಿಂತ ಹಿರಿಯರು ನೀರಿಗೆ ಕಾಣಿಕೆಯಾಗಿ ಹೊಗೆಸೊಪ್ಪು ಬಿಡದೆ ಯಾವ ದೋಣಿಯೂ ಇಳಿಯುವಂತಿಲ್ಲ. ಮೂವತ್ತು ದೋಣಿ ಕಾಯುತ್ತಿದ್ದವು. ಕುರ್ಚಿಯಲ್ಲಿ ಕೂತಿದ್ದ ವರ್ನಜ್ಜಿ ಒಂದು ಚಿಟಿಕೆ ತೆಗೆದು ಡೆಲ್ಫೀನ್‌ಳ ಅಂಗೈಗೆ ಹಾಕಿದಳು.

"ದೊಡ್ಡಮ್ಮ, ಅವಳ ಹತ್ರ ಕಾರ್ಡಿಲ್ಲ" ಅಂದ ಡೆಲ್ಬರ್ಟ್.

"ಕೆರೆ ಕಾರ್ಡು ಕೇಳುತ್ತೇನೋ? ಕೇಳಿದ್ರೆ ಹೇಳು, ನನ್ನದನ್ನೂ ವಾಪಸ್ ಕೊಡ್ತೀನಿ."

ಡೆಲ್ಬರ್ಟ್ ಪಕ್ಕಕ್ಕೆ ಸರಿದ. ದೂರದ ತೆನೆಗಳು ಆಗಲೇ ಅಲುಗುತ್ತಿದ್ದವು. ಡೆಲ್ಫೀನ್ ಮೊಣಕಾಲುದ್ದ ನೀರಿಗಿಳಿದು, ತನಗೆ ಬರುತ್ತಿದ್ದ ನಾಲ್ಕು ಒಜಿಬ್ವೆ ಮಾತನ್ನು ಹೇಳಿ ಹೊಗೆಸೊಪ್ಪು ಬಿಟ್ಟಳು. ದೋಣಿಗಳೆಲ್ಲ ಅವಳ ಎಡಕ್ಕೂ ಬಲಕ್ಕೂ ಹಾದುಹೋದವು. ಅವಳು ಅಲ್ಲೇ ಉಳಿದಳು.

ಸ್ವಲ್ಪ ಹೊತ್ತಿಗೆ ತೆನೆಗಳ ಒಳಗಿಂದ ಬಡಿಯುವ ಸದ್ದು ಬಂತು. ಒಂದು ದೋಣಿಯದು ಬೇರೆಯೇ, ಧಡ್ ಧಡ್ ಅಂತ. ದಂಟು ಮುರಿಯುತ್ತಿತ್ತು, ಹಸಿ ಕಾಳು ಜೊಳ್ಳಾಗಿ ಬೀಳುತ್ತಿತ್ತು. ವೆಸ್ಲಿಯೇ ಅಂತ ಅವಳಿಗೆ ಗೊತ್ತಾಯಿತು. ಹಾಳಾಗಲಿ ಅಂತ ಹಲ್ಲು ಕಚ್ಚಿ ನಿಂತಳು, ನಿಲ್ಲಲಾಗಲಿಲ್ಲ.

"ವೆಸ್ಲೀ, ಮೆಲ್ಲಗೆ ಕಣೋ! ಬಡೀಬೇಡ, ಸವರು!"

ಸದ್ದು ತುಸು ತಗ್ಗಿತು. ಡೆಲ್ಬರ್ಟ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಇನ್ನೂ ಮೆಲ್ಲಗೆ ಅನ್ನೇ" ಅಂದಳು ವರ್ನಜ್ಜಿ, ಕುರ್ಚಿಯಿಂದ.