ಎಡಗಾಲಿನ ಕೆಲಸ

ನಮ್ಮ ಜೀಪನ್ನು ಓಡಿಸುತ್ತಿದ್ದದ್ದು ಒಂದೂವರೆ ಜನ. ಸ್ಟೀರಿಂಗು, ಗೇರು, ಬ್ರೇಕು, ಬೈಗುಳ ಎಲ್ಲ ನಮ್ಮನೆಯವರದ್ದು. ಕ್ಲಚ್ ಮಾತ್ರ ನನ್ನದು. ಸಕ್ಕರೆ ಕಾಯಿಲೆ ಅವರ ಎಡಗಾಲನ್ನು ಪಾದದಿಂದ ಮೇಲಕ್ಕೆ ಮರಗಟ್ಟಿಸುತ್ತ ಬಂದಿತ್ತು. ಕಾಲು ಪೆಡಲ್ ಮೇಲಿದೆಯೋ ಇಲ್ಲವೋ ಎಂಬುದು ಬಗ್ಗಿ ನೋಡಿದರಷ್ಟೇ ಅವರಿಗೆ ಗೊತ್ತಾಗುತ್ತಿತ್ತು. ಹಾಗಾಗಿ ನಾನು ಅವರಿಗೆ ಅಂಟಿಕೊಂಡು ಕೂತು, ಗೇರ್ ಕಡ್ಡಿಯ ಮುಂದಿನಿಂದ ಕಾಲು ಚಾಚಿ, ಅವರು "ಹೂಂ" ಎಂದ ಕೂಡಲೇ ಕ್ಲಚ್ ತುಳಿಯುತ್ತಿದ್ದೆ. "ಹಾಂ" ಎಂದರೆ ಮೆಲ್ಲಗೆ ಬಿಡುತ್ತಿದ್ದೆ. ಮೊದಮೊದಲು ಜೀಪು ಕಪ್ಪೆಯ ಹಾಗೆ ಕುಪ್ಪಳಿಸುತ್ತಿತ್ತು. ಆಮೇಲೆ ನಮ್ಮಿಬ್ಬರಿಗೂ ಅದು ಉಸಿರಾಟದಷ್ಟು ರೂಢಿಯಾಯಿತು.

ಜೀಪು ಕಲ್ಲುಕ್ವಾರಿಯದು. ಬೆಳಿಗ್ಗೆ ಕೆಲಸದವರನ್ನು ಹಿಂದೆ ತುಂಬಿಕೊಂಡು ಗುಡ್ಡ ಹತ್ತಿಸಬೇಕು, ಸಂಜೆ ಇಳಿಸಬೇಕು. ಒಂದು ಪಕ್ಕ ಗೋಡೆಯಂಥ ಬಂಡೆ, ಇನ್ನೊಂದು ಪಕ್ಕ ಏನೂ ಇಲ್ಲ. ನಾನು ಮೇಲಿನ ಕ್ಯಾಂಟೀನಿನಲ್ಲಿ ಅಡುಗೆಯವಳಾದ್ದರಿಂದ ಮುಂದಿನ ಸೀಟಿನಲ್ಲಿ ಕೂತದ್ದಕ್ಕೆ ಯಾರಿಗೂ ಅನುಮಾನ ಬರಲಿಲ್ಲ. ತಮಾಷೆ ಮಾತ್ರ ಸಾಕಷ್ಟು ನಡೆಯಿತು.

"ಅಕ್ಕಾ, ಈ ವಯಸ್ಸಲ್ಲೂ ನಮ್ಮ ಗೇರಣ್ಣನ್ನ ಬಿಟ್ಟು ಒಂದು ಗೇಣು ಆಚೆ ಕೂರಲ್ವಲ್ಲ ನೀವು!"

"ನಿನ್ ಹೆಂಡ್ತಿ ನಿನ್ನಿಂದ ದೂರ ಕೂತ್ರೆ ಅದು ನಿನ್ ಹಣೆಬರಹ ಕಣೋ," ಎಂದು ಇವರು ಕನ್ನಡಿ ನೋಡಿಕೊಂಡೇ ಹೇಳುತ್ತಿದ್ದರು.

ಸುಳ್ಳು ಯಾಕೆ ಹೇಳಲಿ, ನನಗೂ ಅದು ಹಿತವಾಗಿತ್ತು. ಮದುವೆಯಾದ ಹೊಸತರಲ್ಲೂ ಈ ಮನುಷ್ಯ ನನ್ನನ್ನು ಇಷ್ಟು ಹತ್ತಿರ ಕೂರಿಸಿಕೊಂಡವರಲ್ಲ.

ಹೀಗಿರುವಾಗ ಜೀಪಿನ ಚಾಸಿ ಬಿರುಕುಬಿಟ್ಟಿತು. ಇನ್ನು ಬೆಸುಗೆ ನಿಲ್ಲುವುದಿಲ್ಲ ಎಂದು ಮೆಕ್ಯಾನಿಕ್ ಕೈ ತೊಳೆದುಕೊಂಡ. ಕ್ವಾರಿಯ ಧಣಿ ಸೆಕೆಂಡ್ ಹ್ಯಾಂಡ್ ಗಾಡಿಗಳ ಅಂಗಳದಲ್ಲಿ ಎರಡು ಗಾಡಿ ನೋಡಿ ಬಂದರು. ಎರಡೂ ಫೋರ್ ವೀಲ್ ಡ್ರೈವ್. ಒಂದು ಗೇರಿನದು, ಇನ್ನೊಂದು ಆಟೋಮ್ಯಾಟಿಕ್. "ಓಡಿಸೋನು ನೀನು. ನಾಳೆ ಬಂದು ನೋಡು, ನೀನು ಯಾವುದು ಅಂತೀಯೋ ಅದು," ಎಂದು ಇವರಿಗೆ ಹೇಳಿದರು.

ಸಂಜೆ ಇವರು ಮನೆಗೆ ಬಂದಾಗ ಮುಖ ಇಷ್ಟಗಲವಾಗಿತ್ತು.

"ಆಟೋಮ್ಯಾಟಿಕ್ಕಲ್ಲಿ ಕ್ಲಚ್ಚೇ ಇಲ್ಲ ಕಣೇ! ಎಡಗಾಲಿಗೆ ಕೆಲಸಾನೇ ಇಲ್ಲ. ಇನ್ಮೇಲೆ ನೀನು ನಿಶ್ಚಿಂತೆಯಿಂದ ಕಿಟಕಿ ಪಕ್ಕ ಕೂತ್ಕೊಂಡು ಹೊರಗೆ ನೋಡ್ಕೊಂಡು ಬಾ."

ನನಗೂ ಸಂತೋಷವಾಯಿತು ಅನ್ನಬೇಕು, ಅಷ್ಟರಲ್ಲಿ ನೆಲ ಕಂಡಿತು. ಬಾಗಿಲಿನಿಂದ ಮಂಚದವರೆಗೆ ರಕ್ತದ ಚುಕ್ಕೆಗಳು. ಕೂತು ಅವರ ಪಾದ ಎತ್ತಿ ನೋಡಿದೆ. ಚಪ್ಪಲಿಯನ್ನು ತೂರಿಕೊಂಡು ಬಂದ ಮೊಳೆಯೊಂದು ಅಂಗಾಲಿನಲ್ಲಿ ನಾಟಿಕೊಂಡಿತ್ತು. ಅದು ಎಡಗಾಲಲ್ಲ. ಬಲಗಾಲು.

"ನೋವಾಗ್ಲಿಲ್ವಾ?"

ಅವರು ಮೊಳೆಯನ್ನೂ ನನ್ನನ್ನೂ ನೋಡಿದರು. ಆಗಲಿಲ್ಲ ಎಂಬುದು ಮುಖದಲ್ಲೇ ಇತ್ತು.

"ಯಾವಾಗಿಂದ ರೀ?"

"ಪೂರ್ತಿ ಹೋಗಿಲ್ಲ. ಹೆಬ್ಬೆರಳ ಹತ್ರ ಗೊತ್ತಾಗುತ್ತೆ. ಸಾಕು ಅಷ್ಟು."

"ಹಿಂದೆ ಅಷ್ಟು ಜನ ಕೂತಿರ್ತಾರೆ. ಹೆಬ್ಬೆರಳು ನಂಬ್ಕೊಂಡು ಗುಡ್ಡ ಇಳಿಸ್ತೀರಾ?"

"ಇಷ್ಟು ವರ್ಷ ಒಬ್ಬರಿಗಾದ್ರೂ ತರಚು ಗಾಯ ಮಾಡಿದೀನಾ? ಗಾಡಿ ಬಿಟ್ರೆ ನಾನೇನು, ಈ ಮಂಚದ ಕಾಲಾ? ಬಾಯಿ ಮುಚ್ಕೊಂಡಿರು. ನಿಂಗೆ ಕೈ ಮುಗೀತೀನಿ."

ಬೈದು, ಅದೇ ಉಸಿರಿನಲ್ಲಿ ಕೈ ಮುಗಿಯುತ್ತೇನೆ ಎಂದರೆ ಏನು ಮಾಡುವುದು? ಜಗಳಕ್ಕೆ ನನ್ನಲ್ಲಿ ಉತ್ತರವಿರುತ್ತದೆ. ಈ ಧ್ವನಿಗೆ ಇರಲಿಲ್ಲ. ಗಾಯಕ್ಕೆ ಬಟ್ಟೆ ಕಟ್ಟಿ ಸುಮ್ಮನಾದೆ. ಒಪ್ಪಿ ಸುಮ್ಮನಾದದ್ದಲ್ಲ, ದಿಕ್ಕು ತೋಚದೆ.

ಮರುದಿನ ಗಾಡಿಗಳ ಅಂಗಳಕ್ಕೆ ಇವರ ಜೊತೆ ನಾನೂ ಹೋದೆ. ಅಲ್ಲಿ ಮಾರಾಟದವನು ಎರಡೂ ಗಾಡಿಗಳಿಗೆ ಸಮನಾಗಿ ಬೆಣ್ಣೆ ಹಚ್ಚುತ್ತಿದ್ದ. ಯಾವುದು ಹೋದರೂ ಅವನಿಗೆ ಲಾಭವೇ. ಧಣಿಯ ಮನಸ್ಸು ಮಾತ್ರ ಗೇರಿನ ಗಾಡಿಯ ಮೇಲಿತ್ತು.

"ಇಳಿಜಾರಲ್ಲಿ ಮೊದಲನೇ ಗೇರಿಗೆ ಹಾಕಿದ್ರೆ ಗಾಡಿ ತಾನೇ ಹಿಡ್ಕೊಂಡು ಇಳಿಯುತ್ತೆ. ಈ ಆಟೋಮ್ಯಾಟಿಕ್ಕನ್ನ ಹೇಗೆ ನಂಬೋದು?"

"ಇದರಲ್ಲೂ ನಿಧಾನಕ್ಕೆ ಇಳಿಸೋಕೆ ಲೋ ಅಂತ ಇದೆ ಧಣಿ. ಲೋಗೆ ಹಾಕಿದ್ರೆ ಇದೂ ಹಿಡ್ಕೊಳ್ಳುತ್ತೆ," ಎಂದರು ಇವರು. "ಏರಲ್ಲಿ ಗೇರು ಬದಲಾಯಿಸೋವಾಗ ಹಿಂದಕ್ಕೆ ಜಾರೋ ಭಯ ಇಲ್ಲ. ಕ್ಲಚ್ ಪ್ಲೇಟ್ ಸವೆಯೋ ತಾಪತ್ರಯ ಇಲ್ಲ."

ಹೇಳಿದ್ದೆಲ್ಲ ನಿಜ. ನಿಜವನ್ನೇ ಹೇಳುತ್ತ ಕಣ್ಣಿಗೆ ಮಣ್ಣೆರಚುವುದು ಹೇಗೆಂದು ನಾನು ಅಂದು ಕಂಡೆ. ಧಣಿ ತಲೆಯಾಡಿಸಿದರು. "ಸರಿ, ಒಂದು ಸುತ್ತು ಓಡಿಸು, ನೋಡೋಣ."

ಆ ಗಾಡಿಯಲ್ಲಿ ಮುಂದೆ ಮೂವರು ಕೂರುವ ಉದ್ದನೆಯ ಸೀಟು, ಗೇರಿನ ಕಡ್ಡಿ ಸ್ಟೀರಿಂಗಿನ ಪಕ್ಕದಲ್ಲೇ. ಯಾರೂ ಹೇಳದೆ ನಾನು ಹತ್ತಿ ನಡುವೆ ಕೂತೆ. ಧಣಿ ಕಿಟಕಿಯ ಬಳಿ ಕೂತರು. ಅಂಗಳದ ಹಿಂದೆ ಕಾಂಕ್ರೀಟಿನ ಇಳಿಜಾರೊಂದಿತ್ತು. ಅದರ ಬುಡದಲ್ಲಿ ಗಾಡಿ ತೊಳೆಯುವ ಜಾಗ. ಅಲ್ಲೊಬ್ಬ ಮುದುಕ ನಮಗೆ ಬೆನ್ನು ಹಾಕಿ, ಕುಕ್ಕರಗಾಲಲ್ಲಿ ಕೂತು ಚಕ್ರ ಉಜ್ಜುತ್ತಿದ್ದ. ಪೈಪಿನ ನೀರಿನ ಸದ್ದಿನಲ್ಲಿ ಅವನಿಗೆ ಬೇರೇನೂ ಕೇಳಿಸುತ್ತಿರಲಿಲ್ಲ.

ಇಳಿಜಾರಿನಲ್ಲಿ ಗಾಡಿ ವೇಗ ಹಿಡಿಯಿತು. ಇಳಿಯುವುದಕ್ಕೆ ಇಷ್ಟು ವೇಗ ಬೇಡವಿತ್ತು. ಇವರಿಗೂ ಹಾಗನ್ನಿಸಿರಬೇಕು, ರೂಢಿಯ ಬಲದಿಂದ "ಹೂಂ" ಎಂದರು. ನನ್ನ ಕಾಲಿಗೆ ಆ ಸದ್ದು ಸಾಕು, ಅದು ತಲೆಯನ್ನು ಕೇಳುವುದಿಲ್ಲ. ಇಲ್ಲದ ಕ್ಲಚ್ಚನ್ನು ತುಳಿಯಲು ಹೋಗಿ, ಆ ಜಾಗದಲ್ಲಿದ್ದ ಅಗಲವಾದ ಪೆಡಲನ್ನು ಪೂರ್ತಿ ಒತ್ತಿಬಿಟ್ಟೆ. ಅದು ಬ್ರೇಕು.

ಗಾಡಿ ಗಕ್ಕನೆ ನಿಂತಿತು. ಧಣಿಯ ಹಣೆ ಮುಂದಕ್ಕೆ ಬಡಿಯಿತು. ಮುದುಕ ತಿರುಗಿ ನೋಡಿದ. ಅವನ ಮುಖ ನಮ್ಮ ಬಂಪರಿನ ಎತ್ತರಕ್ಕೇ ಇತ್ತು, ಬಗ್ಗಿದರೆ ತಾಗುವಷ್ಟು ಹತ್ತಿರ.

ಗಾಡಿ ನಿಂತರೂ ಇಂಜಿನ್ ಕಿರುಚುತ್ತಲೇ ಇತ್ತು. ನಾನು ಬ್ರೇಕಿನಿಂದ ಕಾಲು ತೆಗೆಯಲಿಲ್ಲ.

"ಯಾಕೆ ಇದು ಹೀಗೆ ಕೂಗ್ತಿದೆ?" ಎಂದರು ಇವರು.

ನಾನು ಬಗ್ಗಿ ನೋಡಿದೆ. "ರೀ, ಕಾಲು ತೆಗೀರಿ."

"ತೆಗೆದಿದೀನಲ್ಲೇ."

ಅವರ ಬಲಗಾಲು ಆಕ್ಸಿಲರೇಟರ್ ಮೇಲಿತ್ತು. ಅದನ್ನು ನೆಲದವರೆಗೆ ಅದುಮಿಕೊಂಡಿತ್ತು. ನಾನು ಕೈ ಚಾಚಿ ಕೀಲಿ ತಿರುಗಿಸಿ ಇಂಜಿನ್ ಆಫ್ ಮಾಡಿದೆ. ಆಮೇಲೆ ಅವರೂ ಬಗ್ಗಿ ನೋಡಿದರು. ಬೇರೆ ಯಾರದೋ ಕಾಲನ್ನು ನೋಡುವ ಹಾಗೆ ನೋಡಿದರು.

ಮಾರಾಟದವನು ಏದುಸಿರು ಬಿಡುತ್ತ ಓಡಿಬಂದ. "ಸ್ವಲ್ಪ ರೇಸಿಂಗ್ ಜಾಸ್ತಿ ಇದೆ ಸಾರ್, ಟ್ಯೂನ್ ಮಾಡಿಸ್ಕೊಡ್ತೀವಿ."

"ಅಷ್ಟೇನಾ? ಬ್ರೇಕ್ ಭರ್ಜರಿಯಾಗಿದೆ ಬಿಡು," ಎಂದು ಧಣಿ ಹಣೆ ಉಜ್ಜಿಕೊಂಡು ನಕ್ಕರು. "ನಮ್ಮೋನು ಸರಿಯಾಗೇ ಹಿಡಿದ."

ಯಾರಿಗೂ ಏನೂ ಗೊತ್ತಾಗಿರಲಿಲ್ಲ. ಇವರು ನನ್ನ ಕಡೆ ನೋಡಿದರು. ಹಿಂದಿನ ಸಂಜೆ ಬಾಯಲ್ಲಿ ಹೇಳಿದ್ದನ್ನು ಈಗ ಕಣ್ಣಲ್ಲಿ ಹೇಳಿದರು. ಗಾಜಿನಾಚೆ ಮುದುಕ ಮತ್ತೆ ಚಕ್ರದ ಕಡೆ ತಿರುಗಿ ಬ್ರಷ್ಷಿಗೆ ಸೋಪು ಹಚ್ಚುತ್ತಿದ್ದ.

"ಬ್ರೇಕ್ ಹಾಕಿದ್ದು ನಾನು ಧಣಿ," ಎಂದೆ. "ಇವರ ಎರಡೂ ಕಾಲು ಸತ್ತಿವೆ. ಯಾವ ಗಾಡೀನೂ ಇವರ ಕೈಗೆ ಕೊಡ್ಬೇಡಿ."

ಧಣಿ ನಗುವನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಕೂತರು. ಇವರು ಬಾಗಿಲು ತೆಗೆದು, ಕಾಲನ್ನು ಕೈಯಿಂದ ಎತ್ತಿ ಕೆಳಗಿಟ್ಟು ಇಳಿದರು. ಗೇಟಿನವರೆಗೂ ಹಿಂದೆ ನೋಡದೆ ನಡೆದರು.

ಬಸ್ಸಿನಲ್ಲಿ ಒಂದೇ ಮಾತು ಆಡಿದರು. "ಹೇಳೋದಕ್ಕೆ ನೀನೇ ಆಗ್ಬೇಕಿತ್ತಾ?"

"ಬೇರೆ ಯಾರಿಗೆ ಗೊತ್ತಿತ್ತು?" ಎಂದೆ. ಹೇಳಿದ್ದಕ್ಕೆ ನನಗೆ ಪಶ್ಚಾತ್ತಾಪವಿರಲಿಲ್ಲ, ಈಗಲೂ ಇಲ್ಲ. ಆದರೆ ನನ್ನನ್ನು ಕಂಡರೆ ನನಗೇ ಅಸಹ್ಯವಾಗಿತ್ತು. ಎರಡೂ ಒಟ್ಟಿಗೇ ಇರಬಲ್ಲವು ಎಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಧಣಿ ಗೇರಿನ ಗಾಡಿಯನ್ನೇ ತೆಗೆದುಕೊಂಡರು. ಅವರ ಭಾವಮೈದ ಡ್ರೈವರಾದ. ನಾನು ಹಿಂದೆ, ಕೆಲಸದವರ ಜೊತೆ ಕೂತು ಹೋಗಿ ಬರತೊಡಗಿದೆ. ಯಾರೂ ತಮಾಷೆ ಮಾಡಲಿಲ್ಲ. ಜಾಗ ಬಿಟ್ಟುಕೊಟ್ಟು, ಆಮೇಲೆ ಬೇರೆ ಕಡೆ ನೋಡುತ್ತಿದ್ದರು. ಮನೆಯಲ್ಲಿ ಇವರು ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ತಟ್ಟೆ ಇಟ್ಟರೆ ಉಣ್ಣುತ್ತಿದ್ದರು, ಪಾದ ತೊಳೆದು ಔಷಧಿ ಹಚ್ಚಿದರೆ ಹಚ್ಚಿಸಿಕೊಳ್ಳುತ್ತಿದ್ದರು. ಮಾತು ಮಾತ್ರ ಇಲ್ಲ.

ಒಂದು ಸಂಜೆ ಬಂದು ಚಪ್ಪಲಿ ಬಿಡುತ್ತಿದ್ದೆ. ಗೋಡೆಯ ಕಡೆಯಿಂದ ಧ್ವನಿ ಬಂತು.

"ಅವನು ಯಾವ ಗೇರಲ್ಲಿ ಇಳಿಸ್ತಾನೆ?"

"ಎರಡನೇದು ಅನ್ಸುತ್ತೆ. ಆಗಾಗ ಬ್ರೇಕ್ ಒತ್ತುತ್ತಾನೆ."

"ಬ್ರೇಕ್ ಕಾದುಹೋಗುತ್ತೆ. ಲೋಗೆ ಹಾಕಿ ಮೊದಲನೇ ಗೇರಲ್ಲಿ ಇಳಿಸ್ಬೇಕು. ಹೇಳು ಅವನಿಗೆ."

"ನಾನು ಹೇಳಿದ್ರೆ ಕೇಳ್ತಾನೇನ್ರೀ?"

ಹೊದಿಕೆ ಅಲುಗುತ್ತಿತ್ತು. ಅಳುತ್ತಿದ್ದಾರೆಂದು ತಿಳಿಯಿತು, ಹತ್ತಿರ ಹೋಗಿ ಕೂರಲು ಧೈರ್ಯ ಸಾಲಲಿಲ್ಲ.

"ಹೇಳು," ಎಂದರು ಕೊನೆಗೆ. "ನೀನೂ ಅದರಲ್ಲೇ ತಾನೇ ಬರೋದು."