ಆರಿಂಚು ಮಣ್ಣು

ಕೋರಿನ್‌ಗೆ ವಾಸನೆ ತಿಳಿಯುತ್ತಿರಲಿಲ್ಲ. ಹಿಂದೆ ಬಂದ ಒಂದು ಜ್ವರ ಇಳಿಯುವಾಗ ಅದನ್ನೂ ಕೊಂಡೊಯ್ದಿತ್ತು. ಬ್ರೆಡ್ಡು ಸೀದರೆ ಹೊಗೆ ಕಂಡ ಮೇಲೇ ಗೊತ್ತಾಗಬೇಕು.

ತಮ್ಮ ಡ್ವೇನ್ ಸತ್ತ ಮೇಲೆ ಅವನ ಮೀನುಗಳು ಅವಳ ಪಾಲಿಗೆ ಬಂದವು. ಮೆಕ್ಸಿಕೋದ ಯಾವುದೋ ಬುಗ್ಗೆಯ ಮೀನು. ಬುಗ್ಗೆ ಬತ್ತಿ ಬಹಳ ಕಾಲವಾಗಿತ್ತು. ಅವನ್ನು ಸಾಕುತ್ತಿದ್ದ ಬೇರೆಯವರ ತೊಟ್ಟಿಗಳೂ ಒಂದೊಂದಾಗಿ ಖಾಲಿಯಾಗಿ, ಈಗ ಉಳಿದದ್ದು ಮಿಲ್ವಾಕಿ ಊರಿನ ಅವಳ ಮನೆಯ ನೆಲಮಾಳಿಗೆಯಲ್ಲಿ ಮಾತ್ರ. ಹಳೆಯ ಗಾಜಿನ ತೊಟ್ಟಿ ಸೋರತೊಡಗಿದಾಗ ಕೋರಿನ್ ಹೊಸದನ್ನು ತಂದಳು. ಹಳೆಯದರಲ್ಲಿ ಡ್ವೇನ್ ಬೆಳೆಸಿದ್ದ ನೀರುಗಿಡವನ್ನು ಇದರಲ್ಲಿ ನೆಡಬೇಕಿತ್ತು; ತಳಕ್ಕೆ ಹಾಕುವ ಮಣ್ಣು ಜರಡಿ ಹಿಡಿದುಕೊಡಲು ಮೀನು ಸಾಕುವವರ ಸಂಘದ ಮುದುಕ ಹರ್ಷೆಲ್ ಬಂದ.

"ಒಂದಿಂಚು ಮಣ್ಣು, ಮೇಲೆ ಒಂದಿಂಚು ಮರಳು. ಸಾಕು. ನೀನೇನು ಆಲೂಗಡ್ಡೆ ಬೆಳೀಬೇಕಾ?" ಎಂದ ಅವನು.

"ಡ್ವೇನ್ ಗಿಡದ ಬೇರು ನೋಡಿದ್ಯಾ? ನನ್ನ ಮೊಣಕೈ ಉದ್ದ ಇದೆ. ಎಲ್ಲಿ ಮುದುರಿ ಇಡಲಿ?"

"ಕತ್ತರಿಸು. ಮತ್ತೆ ಬರುತ್ತೆ."

"ಅವನು ನೆಟ್ಟಿದ್ದು ಕಣಯ್ಯಾ. ನಾನು ಕತ್ತರಿ ಹಾಕಲ್ಲ."

"ಆಳ ಜಾಸ್ತಿ ಆದ್ರೆ ತಳದಲ್ಲಿ ಗಾಳಿ ಆಡಲ್ಲ ಮಾರಾಯ್ತಿ. ಕೊಳೆತು ವಿಷ ಆಗುತ್ತೆ. ಕೆಟ್ಟ ಮೊಟ್ಟೆ ವಾಸನೆ ಬಂದ್ರೆ ಮಣ್ಣು ಕೆದಕಬೇಡ, ನನ್ನ ಕರಿ. ಅರ್ಧ ಮೀನು ಈಗ್ಲೇ ನನಗೆ ಕೊಡು, ಒಂದು ಕಡೆ ಹೋದ್ರೂ ಇನ್ನೊಂದು ಕಡೆ ಇರ್ತವೆ."

"ಚಳಿ ಮುಗೀಲಿ ತಾತಾ, ಕೊಡ್ತೀನಿ."

ಮೂಗಿನ ವಿಷಯ ಅವಳು ಹೇಳಲಿಲ್ಲ. ಹೇಳಿದರೆ ಅರ್ಧವಲ್ಲ, ಎಲ್ಲವನ್ನೂ ಒಯ್ಯುತ್ತಾನೆ. ಅವನು ಹೋದ ಮೇಲೆ ಆರಿಂಚು ತುಂಬಿ, ಗಿಡವನ್ನು ಇಡಿಯಾಗಿ ನೆಟ್ಟಳು.

ಚಳಿಗಾಲದುದ್ದಕ್ಕೂ ಗಿಡ ಹಬ್ಬಿತು. ತಳದಿಂದ ಆಗಾಗ ಗುಳ್ಳೆ ಏಳುತ್ತಿತ್ತು. ಬೇರು ಉಸಿರಾಡುತ್ತಿದೆ ಎಂದುಕೊಂಡು ಅವಳು ಕುರ್ಚಿ ಹಾಕಿಕೊಂಡು ನೋಡುತ್ತಿದ್ದಳು.

ಹಿಮ ಕರಗಿತು. ಮೀನು ಒಯ್ಯಲು ಹರ್ಷೆಲ್ ಬರುವ ದಿನ, ಜೊತೆಗೆ ಡ್ವೇನ್ ಗಿಡದ ಒಂದು ಮರಿಯೂ ಇರಲಿ ಎನ್ನಿಸಿತು. ತೋಳು ಇಳಿಬಿಟ್ಟು ಬುಡ ಹಿಡಿದು ಜಗ್ಗಿದಳು. ಬೇರಿನ ಜೊತೆ ಕಪ್ಪು ಕೆಸರು ಎದ್ದಿತು. ದೊಡ್ಡ ದೊಡ್ಡ ಗುಳ್ಳೆಗಳು ಒಡೆದವು. ಮೀನುಗಳು ಮೇಲಕ್ಕೆ ನುಗ್ಗಿ ಬಾಯಿ ತೆರೆದವು. ಅವಳು ನೀರು ಬದಲಿಸಲು ಓಡಾಡುತ್ತಿದ್ದಂತೆ ಒಂದೊಂದೇ ಮಗುಚಿಕೊಂಡಿತು.

ಹರ್ಷೆಲ್ ಬಕೆಟ್ ಹಿಡಿದು ಮೆಟ್ಟಿಲ ಮೇಲೆಯೇ ನಿಂತ. ಅಂಗಿಯ ತೋಳು ಮೂಗಿಗೆ ಒತ್ತಿಕೊಂಡ.

"ಯಾವಾಗಿಂದ ಹೀಗೆ ನಾರ್ತಿದೆ, ಕೋರಿನ್?"

"ನಾರ್ತಿದ್ಯಾ?" ಎಂದಳು ಅವಳು.

ಅವನು ಅವಳ ಮುಖವನ್ನೇ ನೋಡಿದ. ಆಮೇಲೆ ಕೆಳಗಿಳಿದು ಬಂದು ಬಕೆಟ್ ಇಟ್ಟ. ಇಬ್ಬರೂ ಸತ್ತ ಮೀನುಗಳನ್ನು ಬಲೆಯಿಂದ ಎತ್ತಿ ಬಕೆಟ್ಟಿಗೆ ಹಾಕಿದರು.

ದೊಡ್ಡವು ಹದಿನಾಲ್ಕು, ಮರಿಗಳು ಒಂಬತ್ತು. ಆ ಜಾತಿಯಲ್ಲಿ ಇದ್ದದ್ದು ಅಷ್ಟೇ.