ಶೈಲಜಾಳ ಪಾಲಿನ ಐದು ಮೀನು

ಬಾಡಿಗೆ ಕ್ಯಾಬಿನ್ನಿನ ಒಲೆ ಹಚ್ಚಲು ಲೈಟರ್ ಹುಡುಕುತ್ತ ಶೈಲಜಾ ಗಂಡನ ಬ್ಯಾಗಿನ ಹೊರಜೇಬಿಗೆ ಕೈ ಹಾಕಿದಳು. ಸಿಕ್ಕಿದ್ದು ನಾಲ್ಕಾಗಿ ಮಡಚಿದ ಒಂದು ಕಾಗದ. ಬಿಡಿಸಿ ನೋಡಿದರೆ ಕ್ಯಾಲಿಫೋರ್ನಿಯಾ ರಾಜ್ಯದ ಮೀನು ಹಿಡಿಯುವ ಲೈಸೆನ್ಸು. ಹೆಸರು ಅವಳದು. ಹುಟ್ಟಿದ ತಾರೀಕು ಸರಿಯಾಗಿತ್ತು, ಎತ್ತರ ಸರಿಯಾಗಿತ್ತು, ಕಣ್ಣಿನ ಬಣ್ಣ ಕಂದು ಎಂದಿತ್ತು, ಅದೂ ಸರಿ. ತೂಕ ಮಾತ್ರ ಹತ್ತು ಪೌಂಡು ಹೆಚ್ಚು.

ಶೈಲಜಾ ಹುಟ್ಟಿದಾಗಿನಿಂದ ಮೀನು ಮುಟ್ಟಿದವಳಲ್ಲ. ಗಂಡ ಗುರುಪ್ರಸಾದ ಅಮೆರಿಕಕ್ಕೆ ಬಂದ ಮೂರನೇ ವರ್ಷಕ್ಕೇ ತಿನ್ನಲು ಕಲಿತಿದ್ದ. ಅವಳು ಬೇಡವೆಂದಿರಲಿಲ್ಲ. ಮನೆಯ ಪಾತ್ರೆಯಲ್ಲಿ ಬೇಯಿಸುವುದು ಬೇಡ ಎಂಬುದಷ್ಟೇ ಇಬ್ಬರ ನಡುವಿನ ಒಪ್ಪಂದ. ಅದನ್ನು ಅವನು ಇಪ್ಪತ್ತು ವರ್ಷ ಪಾಲಿಸಿದ್ದ. ಹಾಗಿರುವಾಗ ಈ ಕಾಗದ ಯಾಕೆ?

ಕೇಳೋಣವೆಂದರೆ ಅವನಿರಲಿಲ್ಲ. ಬೆಳಗಿನ ಐದಕ್ಕೇ ಅವನೂ ಗೆಳೆಯ ತಾಜುದ್ದೀನನೂ ಲಾಡ್ಜಿನ ಅಲ್ಯೂಮಿನಿಯಂ ದೋಣಿ ಹತ್ತಿ ಹೋಗಿದ್ದರು. ಕಿಟಕಿಯಿಂದ ಸರೋವರ ಕಾಣುತ್ತಿತ್ತು. ಆಗಸ್ಟಿನ ಕೊನೆ, ನೀರು ಇಳಿದು ದಡದ ಸುತ್ತ ಬರಿಯ ಕೆಂಪು ಮಣ್ಣಿನ ಅಗಲವಾದ ಪಟ್ಟೆ ಬಿದ್ದಿತ್ತು. ಎಲ್ಲೋ ದೂರದಲ್ಲಿ ಕಾಡು ಹೊತ್ತಿ ಉರಿದ ಹೊಗೆ ಎರಡು ದಿನದಿಂದ ಬೆಟ್ಟಗಳನ್ನು ಮಸುಕು ಮಾಡಿತ್ತು.

ಈ ಪ್ರವಾಸಕ್ಕೆ ಅವಳು ಆಸೆಪಟ್ಟು ಬಂದಿದ್ದಳು. ಮಗಳು ಮಾನ್ಯಾ ಕಾಲೇಜಿಗೆಂದು ಸ್ಯಾನ್ ಡಿಯೇಗೋಗೆ ಹೋಗಿ ಹತ್ತು ದಿನವಾಗಿತ್ತು. ಲಿವರ್‌ಮೋರಿನ ಮನೆಯಲ್ಲಿ ಅವಳ ಕೋಣೆಯ ಬಾಗಿಲು ತೆರೆದಿಟ್ಟರೂ ಕಷ್ಟ, ಮುಚ್ಚಿದರೂ ಕಷ್ಟ. ಅಂಥ ಒಂದು ಸಂಜೆ ಗುರುಪ್ರಸಾದ ಪಕ್ಕದಲ್ಲಿ ಬಂದು ಕೂತು, "ಈ ಸಲ ನೀನೂ ಬಾ ಶೈಲೂ. ನಾವು ಮೀನು ಹಿಡೀತಿರ್ತೀವಿ, ನೀನು ನೀರಿನ ಪಕ್ಕ ಕೂತು ಓದು. ಇನ್ನು ನಾವಿಬ್ಬರೇ ಅಲ್ವಾ," ಎಂದಿದ್ದ. ನಾವಿಬ್ಬರೇ ಎಂಬ ಆ ಮಾತಿಗೆ ಅವಳು ಆಗಲೇ ಒಪ್ಪಿದ್ದಳು. ಮಾರನೆಯ ದಿನವೇ ಲ್ಯಾಬಿನಲ್ಲಿ ಎರಡು ದಿನ ರಜೆ ಬರೆದುಕೊಟ್ಟಿದ್ದಳು. ಕುಡಿಯುವ ನೀರಿನ ಮಾದರಿಗಳನ್ನು ಪರೀಕ್ಷಿಸಿ ವರದಿಗೆ ಸಹಿ ಹಾಕುವುದು ಅವಳ ಕೆಲಸ. ಹನ್ನೊಂದು ವರ್ಷದಲ್ಲಿ ಅವಳು ಅಷ್ಟು ಅವಸರವಾಗಿ ರಜೆ ಕೇಳಿದ್ದು ಅದೇ ಮೊದಲು.

ಹೊರಗಿನಿಂದಲೇ "ಚಹಾ ಆತೇನ?" ಎನ್ನುತ್ತ ಖಾಲಿದಾ ಒಳಗೆ ಬಂದಳು. ತಾಜುದ್ದೀನನ ಹೆಂಡತಿ, ಹುಬ್ಬಳ್ಳಿಯವಳು. ಪಕ್ಕದ ಕ್ಯಾಬಿನ್ನು ಅವರದು. ಶೈಲಜಾ ಕಾಗದವನ್ನು ಅವಳ ಮುಂದೆ ಹಿಡಿದಳು.

ಖಾಲಿದಾ ಓದಿ ಪಕ್ಕೆಂದು ನಕ್ಕಳು. "ಇದಕ್ಕ ಇಷ್ಟು ಮಾರಿ ಗಂಟು ಹಾಕ್ಕೊಂಡಿಯೇನ? ನಂದೂ ಐತಿ. ಒಬ್ಬರಿಗೆ ದಿನಕ್ಕ ಐದ ಟ್ರೌಟ್ ಮೀನು ಅಲ್ಲ? ಇಬ್ಬರಿಗೆ ಹತ್ತಾತು. ನಮ್ಮ ಹೆಸರೂ ಸೇರಿಸಿದ್ರ ಇಪ್ಪತ್ತು. ಗಂಡಸರ ಹುಚ್ಚು, ಬಿಡು."

"ಹಾಗೆ ಹಿಡೀಬಹುದಾ?"

"ಹಿಡೀಬಾರದು. ಯಾರ ಲೈಸೆನ್ಸೋ ಅವರ ಹಿಡೀಬೇಕು. ಆದ್ರ ಯಾರು ನೋಡ್ತಾರ?" ಖಾಲಿದಾ ತಾನೇ ಲೈಟರ್ ಹುಡುಕಿ ಒಲೆ ಹಚ್ಚಿ ಚಹಾ ಇಟ್ಟಳು. "ನೋಡ್ತಾರ ಅನ್ನೂದು ಹ್ವಾದ ವರ್ಷ ಗೊತ್ತಾತು ಅನ್ನು. ಮೀನಿನ ಇಲಾಖಿ ವಾರ್ಡನ್ ಬಂದು, ಈ ಶೈಲಜಾ ಯಾರು, ಎಲ್ಲದಾಳ ಅಂತ ಕೇಳಿದ. ಆಕಿಗೆ ತಲಿನೋವು, ಮಲಗ್ಯಾಳ ಅಂತ ನಿನ್ನ ಗಂಡ ಸುಳ್ಳು ಹೇಳಿ ಪಾರಾದ. ಅದಕ್ಕ ಅಲ್ಲೇನ ಈ ಸಲ ನಿನ್ನ ಖರೇನ ಕರ್ಕೊಂಡು ಬಂದದ್ದು!"

ಖಾಲಿದಾ ಅದನ್ನು ತಮಾಷೆಯೆಂದೇ ಹೇಳಿದ್ದಳು. ಶೈಲಜಾಳ ಮುಖ ನೋಡಿ ನಗು ನಿಲ್ಲಿಸಿದಳು. "ನಿಂಗ ಗೊತ್ತಿರ್ಲಿಲ್ಲೇನ?"

"ಎಷ್ಟು ವರ್ಷದಿಂದ?"

"ನಂಗೇನ ಗೊತ್ತವ್ವ. ಮೂರು ಇರಬೇಕು."

ಚಹಾ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಇಬ್ಬರೂ ನೋಡುತ್ತ ನಿಂತರು.

ಖಾಲಿದಾ ಹೋದ ಮೇಲೆ ಶೈಲಜಾ ಪುಸ್ತಕ ತೆರೆದು ಒಂದೇ ಪುಟವನ್ನು ನಾಲ್ಕು ಸಲ ಓದಿದಳು. ಸಿಟ್ಟು ಬಂದಾಗ ಅದರ ಮೂಲ ಯಾವುದೆಂದು ಬಿಡಿಸಿ ನೋಡುವುದು ಅವಳ ಸ್ವಭಾವ. ಈ ಸಿಟ್ಟು ಲೈಸೆನ್ಸಿನದಲ್ಲ, ಅವನು ಕೇಳಿದ್ದರೆ ಬೈದು ಸುಮ್ಮನಾಗುತ್ತಿದ್ದಳು. ತನ್ನ ಹೆಸರಿನಲ್ಲಿ ಸತ್ತ ಮೀನುಗಳದು? ಅದು ಚುಚ್ಚುತ್ತಿತ್ತು, ನಿಜ. ಆದರೆ ಎದೆಯಲ್ಲಿ ಕೆಂಡದ ಹಾಗೆ ಕೂತದ್ದು ಅದಲ್ಲ. ಮಗಳ ಖಾಲಿ ಕೋಣೆಯನ್ನು ನೋಡಲಾಗದೆ ಕೂತಿದ್ದ ಸಂಜೆಯನ್ನೇ ಆರಿಸಿಕೊಂಡು ಅವನು ಕರೆದಿದ್ದ. ಅವನಿಗೆ ಬೇಕಾದದ್ದು ಹೆಂಡತಿಯಲ್ಲ, ಲೈಸೆನ್ಸಿನಲ್ಲಿ ಬರೆದ ಎತ್ತರಕ್ಕೂ ಕಣ್ಣಿಗೂ ತಾಳೆಯಾಗುವ ಒಂದು ಆಳು. ಮೆನ್ಲೋ ಪಾರ್ಕಿನ ಆಫೀಸಿನಲ್ಲಿ ಎಲ್ಲರಿಗೂ ತೋರಿಸುತ್ತಿದ್ದ ಫೋಟೋ ನೆನಪಾಯಿತು: ಹಲಗೆಯ ಮೇಲೆ ಸಾಲಾಗಿ ಮಲಗಿಸಿದ ಇಪ್ಪತ್ತು ಮೀನು, ಹಿಂದೆ ಹಲ್ಲು ಕಿರಿಯುತ್ತ ಇವರಿಬ್ಬರು. ಎಷ್ಟು ಚೆನ್ನಾಗಿದೆ ಎಂದು ಅವಳೂ ಹೊಗಳಿದ್ದಳು. ಅದರಲ್ಲಿ ಐದು ತನ್ನವು ಎಂದು ಯಾರೂ ಹೇಳಿರಲಿಲ್ಲ.

ಬರಲಿ, ಕ್ಯಾಬಿನ್ನಿನ ಬಾಗಿಲು ಹಾಕಿಕೊಂಡು ಕೇಳುತ್ತೇನೆ ಎಂದುಕೊಂಡಳು. ಹನ್ನೊಂದರ ಹೊತ್ತಿಗೆ ದೋಣಿಯ ಸದ್ದು ಕೇಳಿ ದಡಕ್ಕೆ ಇಳಿದಳು. ಖಾಲಿದಾ ಹಿಂದಿನಿಂದ ಬಂದು ಸೇರಿಕೊಂಡಳು.

ಅವರಿಗಿಂತ ಮೊದಲೇ ದೋಣಿ ಕಟ್ಟುವ ಅಟ್ಟಣಿಗೆಯ ಮೇಲೆ ಹಸಿರು ಪ್ಯಾಂಟು, ಖಾಕಿ ಅಂಗಿಯ ವಾರ್ಡನ್ ಒಬ್ಬಳು ನಿಂತಿದ್ದಳು. ಮೂವತ್ತು ವಯಸ್ಸಿರಬಹುದು, ಮೂಗು ಬಿಸಿಲಿಗೆ ಸುಲಿದಿತ್ತು. ತಾಜುದ್ದೀನ್ ಹಗ್ಗ ಎಸೆದಾಗ ಅವಳೇ ಹಿಡಿದು ಕಟ್ಟಿದಳು. ಆಮೇಲೆ ನಯವಾಗಿ, ಐಸ್ ಪೆಟ್ಟಿಗೆ ತೆರೆದು ತೋರಿಸಿ ಎಂದಳು.

ಇಪ್ಪತ್ತು ಮೀನು. ಅವಳು ಒಂದೊಂದನ್ನೇ ತೆಗೆದು ಹಲಗೆಯ ಮೇಲೆ ಇಟ್ಟಳು. ಗುರುಪ್ರಸಾದ ಅವಸರವಿಲ್ಲದೆ ಅಂಗಿಯ ಜೇಬಿನಿಂದ ನಾಲ್ಕು ಲೈಸೆನ್ಸಿನ ಪ್ರತಿ ತೆಗೆದುಕೊಟ್ಟ. ಬ್ಯಾಗಿನದು ಹೆಚ್ಚಿನ ಪ್ರತಿ ಇರಬೇಕು; ಅವನು ಯಾವುದಕ್ಕೂ ಎರಡು ಪ್ರತಿ ಇಡುವವನು. "ನಾವು ನಾಲ್ಕೂ ಜನ ಬೆಳಿಗ್ಗೆ ಹೋಗಿದ್ದೆವು," ಎಂದು ತನ್ನ ಅಚ್ಚುಕಟ್ಟಾದ ಮೀಟಿಂಗಿನ ಇಂಗ್ಲಿಷಿನಲ್ಲಿ ಹೇಳಿದ. "ಹೆಂಗಸರಿಗೆ ಬಿಸಿಲಾಯಿತು ಅಂತ ಒಂಬತ್ತಕ್ಕೆ ಅವರನ್ನು ದಡಕ್ಕೆ ಬಿಟ್ಟು ನಾವು ವಾಪಸ್ ಹೋದೆವು."

ವಾರ್ಡನ್ ಶೈಲಜಾಳ ಕಡೆ ತಿರುಗಿದಳು.

ಆಗ ಗುರುಪ್ರಸಾದ ಮುಖದ ಮೇಲಿನ ನಗು ಕದಲದ ಹಾಗೆ ಕನ್ನಡದಲ್ಲಿ ಹೇಳಿದ, ಟವೆಲು ತಂದುಕೊಡು ಎನ್ನುವಷ್ಟೇ ಸಲೀಸಾಗಿ: "ಶೈಲೂ, ಬೆಳಿಗ್ಗೆ ಬಂದಿದ್ದೆ, ಐದು ಹಿಡಿದೆ ಅನ್ನು. ಅಷ್ಟೇ, ಜಾಸ್ತಿ ಮಾತು ಬೇಡ. ಮುಂದಿನ ತಿಂಗಳು ಸಿಟಿಜನ್‌ಶಿಪ್ ಇಂಟರ್‌ವ್ಯೂ ಇದೆ, ಜ್ಞಾಪಕ ಇರ್ಲಿ. ನಗು ಸ್ವಲ್ಪ."

ಇಂಟರ್‌ವ್ಯೂ ಅವನೊಬ್ಬನದಲ್ಲ, ಅವಳದೂ ಇತ್ತು, ಒಂದೇ ದಿನ. ಪೊಲೀಸರೋ ಬೇರೆ ಅಧಿಕಾರಿಗಳೋ ಎಂದಾದರೂ ನಿಮ್ಮ ಮೇಲೆ ಕೇಸು ಬರೆದಿದ್ದಾರೆಯೇ ಎಂದು ಅರ್ಜಿಯಲ್ಲಿ ಒಂದು ಪ್ರಶ್ನೆಯಿತ್ತು. ಇಬ್ಬರೂ ಅಡುಗೆಮನೆಯ ಮೇಜಿನ ಮುಂದೆ ಕೂತು ಇಲ್ಲ ಎಂದು ಗುರುತು ಹಾಕಿದ್ದರು. ಅವಳು ಹೌದೆಂದರೆ ಎಲ್ಲರೂ ಪಾರು. ಮುಂದೆಂದಾದರೂ ಗೊತ್ತಾದರೆ ಅಧಿಕಾರಿಯ ಎದುರು ಸುಳ್ಳು ಹೇಳಿದವಳು ಅವಳು. ಅಲ್ಲವೆಂದರೆ ಗಂಡನ ಮೇಲೆ ಕೇಸು. ತಾಜುದ್ದೀನ್ ನೀರು ನೋಡುತ್ತಿದ್ದ.

ಇಷ್ಟೆಲ್ಲ ತೂಗಿ ನೋಡಲು ಶೈಲಜಾಳಿಗೆ ಹೊತ್ತು ಬೇಕಿತ್ತು. ಆದರೆ "ನಗು ಸ್ವಲ್ಪ" ಎಂಬ ಮಾತು ಕಿವಿಗೆ ಬಿದ್ದದ್ದೇ, ಬೆಳಗಿನಿಂದ ಹಲ್ಲು ಕಚ್ಚಿ ಹಿಡಿದದ್ದೆಲ್ಲ ತಲೆಗೇರಿತು.

"ಈ ಮೀನುಗಳಲ್ಲಿ ನೀವು ಹಿಡಿದದ್ದು ಯಾವುವು?" ವಾರ್ಡನ್ ಕೇಳಿದಳು.

"ಒಂದೂ ಅಲ್ಲ," ಎಂದಳು ಶೈಲಜಾ ಇಂಗ್ಲಿಷಿನಲ್ಲಿ. "ನಾನು ದೋಣಿ ಹತ್ತಿಲ್ಲ. ಗಾಳ ಹಿಡಿಯುವುದು ಹೇಗೆಂದೂ ಗೊತ್ತಿಲ್ಲ. ನಾನು ಮೀನು ತಿನ್ನುವುದೇ ಇಲ್ಲ. ಆ ಲೈಸೆನ್ಸನ್ನು ನಾನು ಮೊದಲ ಸಲ ನೋಡಿದ್ದು ಇವತ್ತು ಬೆಳಿಗ್ಗೆ ಏಳು ಗಂಟೆಗೆ."

ಗುರುಪ್ರಸಾದನ ನಗು ಮುಖದ ಮೇಲೆ ಹಾಗೇ ಇತ್ತು, ಅದನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯದ ಹಾಗೆ. ವಾರ್ಡನ್ ಖಾಲಿದಾಳನ್ನು ನೋಡಿದಳು.

ಖಾಲಿದಾ ಒಮ್ಮೆ ಗಂಡನನ್ನು, ಒಮ್ಮೆ ಶೈಲಜಾಳನ್ನು ನೋಡಿ, "ನಾನೂ ಹೋಗಿಲ್ಲ," ಎಂದಳು. ಆಮೇಲೆ ಕನ್ನಡದಲ್ಲಿ, "ಇನ್ನೇನ ಹೇಳ್ಲಿ ರೀ? ಆಕಿ ಎಲ್ಲಾ ಒದರಿಬಿಟ್ಟಳಲ್ಲ!"

ವಾರ್ಡನ್ ಬಹಳ ಹೊತ್ತು ಬರೆದಳು. ಹತ್ತು ಮೀನು ಬೇರೆ ಚೀಲಕ್ಕೆ ಹೋದವು. ಇಬ್ಬರು ಗಂಡಸರ ಕೈಗೂ ಕೇಸು ಬರೆದ ಒಂದೊಂದು ಹಳದಿ ಚೀಟಿ ಬಂತು. ಅವಳ ಪಿಕಪ್ ಗಾಡಿ ಧೂಳೆಬ್ಬಿಸಿ ಮರೆಯಾಯಿತು.

ಮೊದಲು ಸಿಡಿದವಳು ಖಾಲಿದಾ. "ಹೇಳೂದಿತ್ತಂದ್ರ ನನಗೊಂದು ಮಾತು ಮೊದಲ ಹೇಳಬಾರದೇನ ಶೈಲಜಾ? ನಿನ್ನ ಕೂಡ ಚಹಾ ಕುಡದೆನಲ್ಲ!"

"ಕುಡೀಲಿಲ್ಲ, ಉಕ್ಕಿ ಹೋಯ್ತು," ಎಂದಳು ಶೈಲಜಾ. "ಬೆಳಿಗ್ಗೆ ನಂಗೂ ಗೊತ್ತಿರ್ಲಿಲ್ಲ ಖಾಲಿದಾ. ನಿಂಗೆ ತೊಂದರೆ ಆಗಿದ್ರೆ ತಪ್ಪು ನಂದೇ. ಆದ್ರೆ ಇನ್ನೊಂದ್ ಸಲ ಕೇಳಿದ್ರೂ ಅದನ್ನೇ ಹೇಳ್ತಿದ್ದೆ."

ತಾಜುದ್ದೀನ್ ತಲೆ ಕೆರೆದುಕೊಂಡ. "ಭಾಭಿ, ನೀವು ಹೇಳಿದ್ದು ಖರೇನ ಐತಿ, ನಾ ಅದಕ್ಕೇನೂ ಅನ್ನಂಗಿಲ್ಲ. ನಿಮ್ಮನ್ನ ಕೇಳ್ಯಾನ ಅಂತ ನಾ ತಿಳಕೊಂಡಿದ್ದೆ." ಗುರುಪ್ರಸಾದನ ಕಡೆ ತಿರುಗಿ, "ಕೇಳಿಲ್ಲೇನಲೇ?" ಎಂದ.

ಗುರುಪ್ರಸಾದ ಕ್ಯಾಬಿನ್ನಿನತ್ತ ನಡೆದ. ಶೈಲಜಾ ಹಿಂದೆಯೇ ಹೋಗಿ ಬಾಗಿಲು ಹಾಕಿದಳು.

"ಸಂತೋಷ ಆಯ್ತಾ?" ಎಂದ ಅವನು. "ಹದಿನೆಂಟು ವರ್ಷ ಕಾದಿದೀವಿ ಈ ಇಂಟರ್‌ವ್ಯೂಗೆ. ಒಂದು 'ಯೆಸ್' ಅನ್ನೋಕೆ ನಾಲಿಗೆ ಸವೀತಿತ್ತಾ? ಗಂಡನ್ನ ಹೀಗೆ ಹಿಡಿದುಕೊಡ್ತಾರಾ ಯಾರಾದ್ರೂ?"

"ನನ್ನನ್ನ ಇಲ್ಲಿಗೆ ಯಾಕೆ ಕರ್ಕೊಂಡ್ ಬಂದೆ?"

"ಅದಕ್ಕೂ ಇದಕ್ಕೂ ಏನು ಸಂಬಂಧ?"

"ಯಾಕೆ ಕರ್ಕೊಂಡ್ ಬಂದೆ ಗುರು?"

"ಜಾಗ ಚೆನ್ನಾಗಿದೆ, ಮನಸ್ಸಿಗೆ ಬದಲಾವಣೆ ಆಗ್ಲಿ ಅಂತ..."

"ಹೋದ ವರ್ಷ ನಂಗೆ ತಲೆನೋವಿತ್ತಂತೆ. ಇದೇ ಕ್ಯಾಬಿನ್‌ನಲ್ಲಿ ಮಲಗಿದ್ದೆನಂತೆ."

ಅವನು ಒಂದು ಸಲ, ಲೈಸೆನ್ಸಿಗಾಗಿ ಅಲ್ಲ, ನಿನ್ನ ಜೊತೆ ಇರಬೇಕು ಅನ್ನಿಸಿತ್ತು ಎಂದುಬಿಡಲಿ ಎಂದು ಅವಳು ಕಾದಳು. ಹಾಗೆ ಕಾಯುತ್ತಿದ್ದೇನೆ ಎಂದು ತಿಳಿದು ಅವಳಿಗೆ ತನ್ನ ಮೇಲೆಯೇ ಇನ್ನಷ್ಟು ಸಿಟ್ಟು ಬಂತು.

"ಎರಡೂ ಆಗುತ್ತೆ ಅಂದ್ಕೊಂಡೆ," ಎಂದ ಅವನು ಕೊನೆಗೆ. "ನೀನೂ ಬಂದ ಹಾಗಾಗುತ್ತೆ, ಅದೂ ಆಗುತ್ತೆ ಅಂತ."

ಅದು ನಿಜವೇ ಇರಬಹುದು. ನಿಜವಾದ್ದರಿಂದಲೇ ಅದನ್ನು ಕೇಳಲು ಅವಳಿಗೆ ಆಗಲಿಲ್ಲ. ಬಟ್ಟೆ ಮಡಚದೆ ಪೆಟ್ಟಿಗೆಗೆ ತುರುಕತೊಡಗಿದಳು.

ಇನ್ನೊಂದು ದಿನದ ಬುಕಿಂಗ್ ಬಿಟ್ಟು ಗಂಡ ಹೆಂಡತಿ ಮಧ್ಯಾಹ್ನವೇ ಹೊರಟರು. ಕಾರು ಅವಳು ಓಡಿಸಿದಳು. ರೆಡ್ಡಿಂಗ್ ಕಳೆಯಿತು, ರೆಡ್ ಬ್ಲಫ್ ಕಳೆಯಿತು. ಹೊರಗೆ ಒಣಗಿದ ಹುಲ್ಲು, ಬಾದಾಮಿ ತೋಟಗಳು, ಹೊಗೆಯ ಹಿಂದೆ ತಾಮ್ರದ ಬಣ್ಣದ ಸೂರ್ಯ. ಪಕ್ಕದ ಸೀಟಿನಲ್ಲಿ ಗುರುಪ್ರಸಾದ ಫೋನಿನಲ್ಲಿ ವಕೀಲರ ವೆಬ್ ಪುಟಗಳನ್ನು ಒಂದರ ಮೇಲೊಂದು ಓದುತ್ತಿದ್ದ. ವಿಲಿಯಮ್ಸ್ ಊರಿನ ಹತ್ತಿರ ಬಂದಾಗ ಹೇಳಿದ.

"ಮುಚ್ಚಿಡೋ ಹಾಗಿಲ್ಲವಂತೆ. ಏನಾಯ್ತು ಅಂತ ಒಂದು ಪುಟ ಬರೆದು ಇಂಟರ್‌ವ್ಯೂಗೆ ತಗೊಂಡು ಹೋದ್ರೆ ಸಾಮಾನ್ಯವಾಗಿ ತೊಂದರೆ ಆಗಲ್ಲವಂತೆ. ನಿಯಮ ಸರಿಯಾಗಿ ಗೊತ್ತಿರಲಿಲ್ಲ, ಫ್ಯಾಮಿಲಿಗೆಲ್ಲ ಸೇರಿ ಲಿಮಿಟ್ಟು ಅಂದ್ಕೊಂಡಿದ್ವಿ, ಆ ಥರ." ಅವನು ಫೋನು ತೊಡೆಯ ಮೇಲಿಟ್ಟ. "ನೀನೇ ಬರೆದುಕೊಡು ಶೈಲೂ. ನಿನ್ನ ವರದಿ ಥರ ನೀಟಾಗಿ. ಹೆಂಡತಿಯೇ ಬರೆದು ಸಹಿ ಹಾಕಿದ್ರೆ ಇನ್ನೂ ಒಳ್ಳೇದು."

ಶೈಲಜಾ ಎರಡೂ ಕೈಯಲ್ಲಿ ಸ್ಟೀರಿಂಗ್ ಬಿಗಿಯಾಗಿ ಹಿಡಿದಳು. ಬೆಳಗಿನಿಂದ ಏರಿ ಇಳಿದಿದ್ದ ಸಿಟ್ಟು ಈಗ ಏರಲಿಲ್ಲ. ತಣ್ಣಗೆ ಒಂದೇ ಮಟ್ಟದಲ್ಲಿ ನಿಂತಿತು.

"ಬರೆಯಲ್ಲ."

"ಇದೊಂದೇ ಶೈಲೂ. ಇಷ್ಟು ಮಾಡಿಬಿಡು..."

"ನಿಂದು ನೀನು ಬರಿ. ಮೀನು ಮುಟ್ಟದ ಹೆಂಡತಿ ಹೆಸರಲ್ಲಿ, ಅವಳಿಗೆ ಹೇಳದೆ, ಮೂರು ವರ್ಷ ಲೈಸೆನ್ಸು ತಗೊಂಡೆ ಅಂತ ಶುರು ಮಾಡು. ಅದೊಂದು ಸಾಲು ಬಂದ್ರೆ ಮಿಕ್ಕಿದ್ದು ತಾನಾಗಿ ಬರುತ್ತೆ. ನನ್ನನ್ನ ಕೇಳಿದ್ರೆ ನಂದು ನಾನು ಹೇಳ್ತೀನಿ."

"ಹಾಗೆ ಬರೆದರೆ ನನ್ನ ಬಗ್ಗೆ ಏನಂದ್ಕೊಳ್ತಾರೆ?"

ಅವಳು ಎದುರಿಗಿದ್ದ ಲಾರಿಯನ್ನು ದಾಟಿ ಮುಂದೆ ಹೋದಳು. ಸ್ವಲ್ಪ ಹೊತ್ತಿಗೆ ಪಕ್ಕದಿಂದ ಫೋನಿನ ಮೇಲೆ ಬೆರಳು ಬಡಿಯುವ ಸದ್ದು ಕೇಳಿತು, ನಿಂತಿತು, ಅಳಿಸಿ ಮತ್ತೆ ಮೊದಲಾಯಿತು. ವ್ಯಾಕವಿಲ್ ಬರುವವರೆಗೂ ಗುರುಪ್ರಸಾದ ಮೊದಲ ಸಾಲಿನಲ್ಲೇ ಇದ್ದ. ಏನು ಬರೆದನೆಂದು ಶೈಲಜಾ ಕೇಳಲಿಲ್ಲ, ಅವನು ತೋರಿಸಲು ಫೋನು ಚಾಚಿದಾಗ ರಸ್ತೆಯಿಂದ ಕಣ್ಣು ತೆಗೆಯಲೂ ಇಲ್ಲ.